ಕಾರಿಡೊಂಗ್ರಿಯ ಕಳ್ಳಿ

ಆ ಕಾಲದಲ್ಲಿ ಗಲ್ಫಿನ ನಮ್ಮ ಬಡಾವಣೆ ಮುಐದರಿನಲ್ಲಿ ವಿಲ್ಲಾ ಎಂದರೆ ಒಂದು ಮನೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ಹೊರಗಿನಿಂದ ಅರಮನೆ, ಒಳಗೆ ಹೋದರೆ ಪ್ಲೈವುಡ್ ಗೋಡೆ ಹಾಕಿ ಬೇರೆ ಮಾಡಿದ ಐದು ಸಂಸಾರ. ಅರಬಿ ಯಜಮಾನ ಅತಿಥಿಗಳನ್ನು ಕೂರಿಸಲೆಂದು ಕಟ್ಟಿಸಿದ್ದ ದೊಡ್ಡ ಮಜ್ಲಿಸ್ ಕೋಣೆಯ ಅರ್ಧ ನಮ್ಮದು, ಇನ್ನರ್ಧ ಜಲಜ ಮಾಮಿ ಮತ್ತು ವಾಸು ಮಾಮನದ್ದು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆ ಕಡೆ ಮಾಮ ಸೀನಿದರೆ ಈ ಕಡೆ ನನ್ನ ಅಪ್ಪ ನಿದ್ದೆಯಲ್ಲೇ "ದೇವರೇ" ಎನ್ನುತ್ತಿದ್ದರು. ವಾಸನೆಗಂತೂ ಗೋಡೆಯ ಲೆಕ್ಕವೇ ಇರಲಿಲ್ಲ. ಮಾಮಿ ಬಂಗುಡೆ ಹುರಿದರೆ ನಮ್ಮ ಹಾಸಿಗೆಯ ಚಾದರಕ್ಕೂ ಬಂಗುಡೆ ಹತ್ತುತ್ತಿತ್ತು, ಅದರ ಮೇಲೆ ಯಜಮಾನನ ಮನೆಯಿಂದ ಬರುವ ಬಖೂರ್ ಧೂಪದ ಪರಿಮಳ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಮೂಸಿ ನೋಡಿ, ಇದು ಯಾವ ಸೆಂಟು ಎಂದು ಕೇಳಿದ್ದಳು.

ಎರಡು ಸಾವಿರದ ಆರನೇ ಇಸವಿ. ನನಗೆ ಹತ್ತು ವರ್ಷ. ಹೆಸರು ಅಶ್ವಿತಾ, ಮನೆಯಲ್ಲಿ ಅಚ್ಚು. ನವೆಂಬರ್ ಬಂದು ಸೆಕೆ ಇಳಿದಿತ್ತು. ಏಸಿಗಳೆಲ್ಲ ಸುಮ್ಮನಾಗಿ, ಐದು ಸಂಸಾರದ ಮಕ್ಕಳು ಅಂಗಳದಲ್ಲಿ ಒಡೆದ ಟೈಲ್ಸ್ ಚೂರುಗಳನ್ನು ಪೇರಿಸಿ ಲಗೋರಿ ಆಡುವ ತಿಂಗಳು. ಆಡಿ ಬಂದವರ ಕೈಗೆ ಮಾಮಿ ಬಿಸಿ ಕುಬ್ಬೂಸ್ ರೊಟ್ಟಿಗೆ ತುಪ್ಪ ಸವರಿ ಸಕ್ಕರೆ ಉದುರಿಸಿ ಸುರುಳಿ ಮಾಡಿ ಕೊಡುತ್ತಿದ್ದರು. ಅವರ ಮಗ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದ. ಹಾಗಾಗಿ ಅವನ ಪಾಲಿನ ತುಪ್ಪವೆಲ್ಲ ನಮಗೇ ಸಿಗುತ್ತಿತ್ತು.

ಜಲಜ ಮಾಮಿಗೆ ಎಲ್ಲವೂ ಇತ್ತು, ಳಕಾರ ಒಂದು ಇರಲಿಲ್ಲ. ಅವರು ಹುಟ್ಟಿ ಬೆಳೆದದ್ದು ಹಿಂದಿ ಮಾತಾಡುವ ಸೀಮೆಯಲ್ಲಿ, ಮನೆಯೊಳಗೆ ತುಳು. ಕನ್ನಡ ಕಲಿತದ್ದು ಮದುವೆಯಾದ ಮೇಲೆ. ಅವರ ಬಾಯಲ್ಲಿ ಕೋಳಿ ಕೋಲಿಯಾಗುತ್ತಿತ್ತು, ಮಳೆ ಮಲೆಯಾಗುತ್ತಿತ್ತು. ಅವರು ಪ್ರೀತಿಯಿಂದ "ಎಂತ ಆಯ್ತು, ಹೇಲು ಮಗಾ" ಎಂದರೆ ನಾವು ಮಕ್ಕಳು ಬಾಯಿಗೆ ಕೈ ಒತ್ತಿಕೊಂಡು ಅಂಗಳಕ್ಕೆ ಓಡಿ, ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು. ಮಾಮಿಗೆ ಆ ವ್ಯತ್ಯಾಸ ಹೇಳಲು ಮಾತ್ರವಲ್ಲ, ಕೇಳಲೂ ಆಗುತ್ತಿರಲಿಲ್ಲ. ವಾಸು ಮಾಮ ಎಷ್ಟೋ ಸಲ ತಿದ್ದಿ ಸೋತಿದ್ದರು. "ನೀವು ಹೇಲಿದ್ದೂ ಅದೇ, ನಾನು ಹೇಲಿದ್ದೂ ಅದೇ, ಮತ್ತೆ ಎಂತ ನಿಮ್ಮ ರಗಲೆ?" ಎಂದು ಮಾಮಿ ಅವರಿಗೇ ಬೈಯುತ್ತಿದ್ದರು.

ನನ್ನ ಅಮ್ಮ ಮದುವೆಗೆ ಮುಂಚೆ ಕಾರ್ಕಳದ ಕಡೆ ಕನ್ನಡ ಟೀಚರ್ ಆಗಿದ್ದವರು. ಗಲ್ಫಿಗೆ ಬಂದ ಮೇಲೆ ಅವರ ಶಾಲೆಗೆ ಉಳಿದ ಏಕೈಕ ವಿದ್ಯಾರ್ಥಿನಿ ನಾನು. ಶನಿವಾರ ಶನಿವಾರ ಕಾಪಿ ಬರೆಸುತ್ತಿದ್ದರು, ಅದರಲ್ಲೂ ಳ ಅಕ್ಷರವನ್ನು ನೂರು ನೂರು ಸಲ. ನಾನು ಮಾಮಿಯ ಕನ್ನಡ ಕಲಿತುಬಿಟ್ಟರೆ ಎಂಬ ಹೆದರಿಕೆ ಅವರಿಗೆ.

"ನೋಡು ಅಚ್ಚು, ಮಾಮಿ ಲ ಅಂದು ಅರ್ಥ ಆಗದ ಕಡೆಯಲ್ಲೆಲ್ಲ ಅದು ಳ ಅಂತ ತಿಳ್ಕೊಳ್ಳಬೇಕು. ಮನಸ್ಸಲ್ಲೇ ತಿದ್ದಿಕೋ. ಅವರಿಗೆ ಹೇಳ್ಲಿಕ್ಕೆ ಹೋಗ್ಬೇಡ, ಬೇಜಾರು ಮಾಡ್ಕೊಳ್ತಾರೆ."

ನಾನು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ. ಮುಂದೆ ಆದದ್ದಕ್ಕೆಲ್ಲ ಆ ಶ್ರದ್ಧೆಯೇ ಕಾರಣ.

ಮುಐದರ್, ಅಜೀಜಿಯಾ ಕಡೆಯ ಕನ್ನಡದವರು ಸೇರಿ ಮಾಡಿಕೊಂಡ ಒಂದು ಸಣ್ಣ ಕೂಟವಿತ್ತು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಊಟ, ವರ್ಷಕ್ಕೊಮ್ಮೆ ಶಾಲೆಯೊಂದರ ಸಭಾಂಗಣ ಹಿಡಿದು ರಾಜ್ಯೋತ್ಸವ. ಆ ಊಟಗಳಲ್ಲಿ ಹೊಸಬರು ಸಿಕ್ಕಿದರೆ ಹೆಸರು ಕೇಳುವ ಮೊದಲೇ ಊರು ಕೇಳುವುದು ನಮ್ಮವರ ಪದ್ಧತಿ. ಊರು ಗೊತ್ತಾದರೆ ಐದು ನಿಮಿಷದೊಳಗೆ ಏನಾದರೊಂದು ಸಂಬಂಧ ಹೊರಡಿಸಿ, ಆಮೇಲೆ ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಾರೆ. ಜಲಜ ಮಾಮಿಗೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ಹತ್ತಿರವೇ ಇದ್ದು ಕೇಳಿದ್ದೇನೆ.

"ನಿಮ್ಮದು ಊರಲ್ಲಿ ಎಲ್ಲಿ ಆಯ್ತು ಜಲಜಕ್ಕ?"

"ಕಾರಿಡೊಂಗ್ರಿ."

"ಓ, ಕಾರಿಂಜದ ಹತ್ರವಾ?"

"ಅಲ್ಲ, ಅದು ಮೇಲೆ. ಮೊದಲು ಮಧ್ಯಪ್ರದೇಶ, ಈಗ ಛತ್ತೀಸಗಢ. ಬೆಟ್ಟದ ಮೇಲೆ."

"ಅದು ಬಿಡಿ, ಅಪ್ಪನ ಕೆಲಸದ ಊರು. ಸ್ವಂತ ಊರು ಎಲ್ಲಿ?"

ಊರಿನಲ್ಲಿ ಮಾಮಿಯ ಅಪ್ಪನ ಪಾಲಿಗಿದ್ದ ಮನೆ ಅವರು ಹುಟ್ಟುವ ಮೊದಲೇ ಕೈಬಿಟ್ಟುಹೋಗಿತ್ತು. ಗಂಡನ ಊರನ್ನು ತನ್ನದೆಂದು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಕೇಳಿದ ಹೆಂಗಸು ಸಂಬಂಧ ಹೊರಡದ ನಿರಾಸೆಯಲ್ಲಿ ಪಕ್ಕದವರ ಕಡೆ ತಿರುಗುತ್ತಿದ್ದರು. ಮಾಮಿ ಎದ್ದುಹೋಗಿ ಸುಮ್ಮನೆ ಪಾತ್ರೆಗಳ ಮುಚ್ಚಳ ಸರಿಮಾಡುತ್ತಿದ್ದರು.

ಆ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳ ಭಾಷಣ ಸ್ಪರ್ಧೆ ಇಟ್ಟರು. ವಿಷಯ: ನನ್ನ ಊರು. ಕೂಟದ ಕಾರ್ಯದರ್ಶಿ ಸದಾನಂದ ಅಂಕಲ್ ನಿಯಮ ಓದಿದರು. ಐದು ನಿಮಿಷ. ನಾಲ್ಕಕ್ಕೆ ಒಂದು ಗಂಟೆ ಬಾರಿಸುವುದು, ಐದಕ್ಕೆ ಇನ್ನೊಂದು. ಒಂದು ಇಂಗ್ಲಿಷ್ ಪದ ಬಂದರೆ ಒಂದು ಅಂಕ ಖಲಾಸ್. ಅಂಕಲ್ ಈ ನಿಯಮವನ್ನು "ಸ್ಟ್ರಿಕ್ಟಾಗಿ ಫಾಲೋ ಮಾಡ್ಬೇಕು" ಎಂದು ಒತ್ತಿ ಹೇಳಿದರು.

ಮೊದಲ ಅಭ್ಯಾಸದ ದಿನ ಹನ್ನೊಂದು ಮಕ್ಕಳು ಬಂದಿದ್ದೆವು. ಹನ್ನೊಂದು ಜನರದ್ದೂ ಒಂದೇ ಊರು. "ನನ್ನ ಊರು ಹಸಿರಿನಿಂದ ಕೂಡಿದೆ. ನನ್ನ ಊರಿನಲ್ಲಿ ಸಮುದ್ರ ಇದೆ. ನನ್ನ ಅಜ್ಜಿ ನನಗೆ ಹಲಸಿನ ಹಣ್ಣು ಕೊಡುತ್ತಾರೆ." ಐದನೆಯವಳು ನಾನು, ನನ್ನ ಅಜ್ಜಿಯೂ ಹಲಸಿನ ಹಣ್ಣನ್ನೇ ಕೊಟ್ಟರು. ನಿಜ ಹೇಳಬೇಕೆಂದರೆ ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆಗೆ ಹೋಗಿ, ಒಂದು ವಾರ ಜ್ವರ ಬಂದು ಮಲಗಿ, ಉಳಿದ ದಿನ ನೆಂಟರ ಮನೆಗೆ ಎಳೆದಾಡಿಸಿಕೊಂಡು ಬರುತ್ತಿದ್ದ ನನಗೆ ಆ ಊರಿನ ಬಗ್ಗೆ ಹೇಳಲು ಏನೂ ಇರಲಿಲ್ಲ. ಆದರೆ ಬಹುಮಾನ ಬೇಕಿತ್ತು. ನೀಲಿ ಬಣ್ಣದ ಒಂದು ಸೈಕಲ್ ಇಟ್ಟಿದ್ದರು.

ಮನೆಗೆ ಬಂದವಳೇ ಪಕ್ಕದ ಮನೆಗೆ ಹೋದೆ. ಮಾಮಿ ದೋಸೆ ಹೊಯ್ಯುತ್ತಿದ್ದರು.

"ಮಾಮಿ, ನಿಮ್ಮ ಊರನ್ನು ನನಗೆ ಕೊಡ್ತೀರಾ?"

ಮಾಮಿ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಕಾವಲಿಯ ಮೇಲಿದ್ದ ದೋಸೆ ಕರಟಿ ಹೊಗೆ ಬರುವವರೆಗೂ ನೋಡಿದರು. ಆಮೇಲೆ ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಯಾರಿಗೂ ಹೇಲಬಾರದು, ಆಯ್ತಾ? ಇನ್ನೊಬ್ಬರು ಕೇಲಿಸಿಕೊಂಡರೆ ಅವರೂ ಅದನ್ನೇ ಹೇಲ್ತಾರೆ" ಎಂದರು. ನಾನು ಆಣೆ ಹಾಕಿದೆ. ಅಮ್ಮನಿಗೂ ಹೇಳುವುದಿಲ್ಲ ಎಂದೆ.

ಇಂಗ್ಲಿಷ್ ಬೇಡವೆಂಬ ನಿಯಮವನ್ನು ಮಾಮಿ ನನಗಿಂತ ಗಟ್ಟಿಯಾಗಿ ಹಿಡಿದರು. ನನ್ನ ಒಂದು ಅಂಕವೂ ಹೋಗಬಾರದೆಂದು, ತನಗೆ ಹಿಂದಿಯಲ್ಲಿ ಮಾತ್ರ ಗೊತ್ತಿದ್ದ ಪದಗಳಿಗೆ ವಾಸು ಮಾಮನಿಂದ ಮೊದಲೇ ಶುದ್ಧ ಕನ್ನಡ ಹೇಳಿಸಿಕೊಂಡು ಬಾಯಿಪಾಠ ಮಾಡಿಟ್ಟಿದ್ದರು. ಅದು ನನಗೆ ತಿಳಿದದ್ದು ಆಮೇಲೆ. ಶುಕ್ರವಾರ ಮಧ್ಯಾಹ್ನ ಊಟವಾಗಿ ಗಂಡಸರು ಗೊರಕೆ ಹೊಡೆಯುವ ಹೊತ್ತಿಗೆ ನಾನು ನೋಟುಬುಕ್ ಹಿಡಿದು ಅವರ ಅಡುಗೆಮನೆಯಲ್ಲಿ ಕೂತೆ. ಮಾಮಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಮೊದಲು ಅಲ್ಲಿ ಕಾಡು ಮಾತ್ರ ಇದ್ದದ್ದು. ಒಬ್ಬ ಬಿಲಿ ದೊರೆ ಬೇಟೆಗೆ ಬಂದ. ತೋಡಿನ ಬದಿಯಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದ. ನೋಡಿದರೆ ಒಲೆಯ ಕಲ್ಲಿಗೇ ಬೆಂಕಿ ಹಿಡಿಯಿತು! ಆಗ ಗೊತ್ತಾಯ್ತು, ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲು."

ಕಲ್ಲಿದ್ದಲು. ನಾನು ಆ ಪದವನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದರೆ ತಕ್ಷಣ ತಿಳಿಯುತ್ತಿತ್ತು. ಆದರೆ ಅಮ್ಮ ಕಲಿಸಿದ ಸೂತ್ರ ನನ್ನ ಬಳಿ ಇತ್ತಲ್ಲ. ಮನಸ್ಸಿನಲ್ಲೇ ಎರಡೂ ಕಡೆ ತಿದ್ದಿಕೊಂಡು, ದುಂಡಗೆ ಬರೆದುಕೊಂಡೆ: ಬೆಟ್ಟದ ಹೊಟ್ಟೆಯಲ್ಲಿ ಕಳ್ಳಿದ್ದಳು.

ಮಾಮಿಯ ಬಾಯಲ್ಲಿ ಲ ಬೀಳಬೇಕಾದ ಕಡೆಯೇ ಸರಿಯಾಗಿ ಬಿದ್ದ ಪದ ಅದು. ಅದನ್ನೇ ನಾನು ತಿದ್ದಿದೆ.

ಮುಂದಿನದೆಲ್ಲ ಸಲೀಸಾಗಿ ಹೊಂದಿಕೊಳ್ಳುತ್ತ ಹೋಯಿತು. ಮಾಮಿ "ಅದು, ಅದು" ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರನ್ನೂ ಹುಡುಗಿಯರನ್ನೂ ಅದು ಎಂದು ಕರೆಯುವುದು ಇದ್ದದ್ದೇ, ನನ್ನ ಅಜ್ಜಿ ನನ್ನನ್ನೇ ಹಾಗೆ ಕರೆಯುತ್ತಿದ್ದರು. ನಾನು ಮರ್ಯಾದೆಯಿಂದ ಎಲ್ಲ ಕಡೆ 'ಅವಳು' ಎಂದು ಬದಲಿಸಿದೆ. ಅದಕ್ಕೋಸ್ಕರವೇ ರೈಲು ಬಂತು ಎಂದರು ಮಾಮಿ. ಅವಳನ್ನು ಹಿಡಿಯಲು ರೈಲು ಬಂತು ಎಂದು ಬರೆದೆ. ದಿನಾ ಸಾವಿರ ಜನ ಸುರಂಗಕ್ಕೆ ಇಳಿದು ಒಡೆದು ಒಡೆದು ಹೊರಗೆ ತರುತ್ತಿದ್ದರು ಎಂದರು. ಇದು ಸ್ವಲ್ಪ ಕ್ರೂರವೆನಿಸಿತಾದರೂ ಕಳ್ಳಿಯೆಂದ ಮೇಲೆ ಪೆಟ್ಟು ಬೀಳದೆ ಇರುತ್ತದೆಯೇ ಎಂದುಕೊಂಡೆ.

"ಮಾಮಿ, ಎಷ್ಟು ದೊಡ್ಡದಿತ್ತು?"

"ಅಯ್ಯೋ, ಇಡೀ ಬೆಟ್ಟವೇ ಅದು! ತೆಗೆದಷ್ಟೂ ಉಂಟು. ಸರಕು ಗಾಡಿಯಲ್ಲಿ ತುಂಬಿಸಿ ತುಂಬಿಸಿ ದೇಶಕ್ಕೆಲ್ಲ ಕಲಿಸ್ತಿದ್ದರು."

"ನಿಮಗೆ ಹೆದರಿಕೆ ಆಗ್ತಿರ್ಲಿಲ್ವಾ?"

"ಎಂತ ಹೆದರಿಕೆ? ನಾವು ದಿನಾ ಬೆಲಗ್ಗೆ ಒಲೆಗೆ ಹಾಕ್ತಿದ್ದದ್ದೇ ಅದನ್ನು."

ನಾನು ಪೆನ್ನು ಕೆಳಗಿಟ್ಟೆ. ಈ ಭಾಗ ಮಕ್ಕಳ ಕಾರ್ಯಕ್ರಮಕ್ಕೆ ಸರಿಹೋಗುವುದಿಲ್ಲವೆನಿಸಿ ಭಾಷಣದಿಂದ ಬಿಟ್ಟುಬಿಟ್ಟೆ.

ಸಂಶಯ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ಬಂದ ಸಂಶಯವನ್ನು ಮಾಮಿಯೇ ಪರಿಹರಿಸುತ್ತಿದ್ದರು. ಎರಡನೇ ಶುಕ್ರವಾರ ಅವರು ಹೇಳಿದರು: "ಗಾಡಿ ಏರಿನಲ್ಲಿ ನಿಧಾನ ಆಗುವಾಗ ನಾವು ಮಕ್ಕಲೆಲ್ಲ ಹತ್ತಿ, ಬುಟ್ಟಿಗೆ ತುಂಬಿಸಿಕೊಂಡು ಓಡುವುದು. ನಾನೂ ಕದ್ದಿದ್ದೇನೆ, ಪೊಲೀಸರ ಮಕ್ಕಲೂ ಕದ್ದಿದ್ದಾರೆ. ಊರಿಡೀ ಕಲ್ಲರೇ!" ಇಲ್ಲಿ ತಿದ್ದಿದರೆ ಕಳ್ಳರೇ ಎಂದು ಸರಿಯಾಗಿಯೇ ಬರುತ್ತಿತ್ತು. ಅಂದ ಮೇಲೆ ನನ್ನ ಕಳ್ಳಿಯೂ ಸರಿ.

ಹೀಗೆ ನಾಲ್ಕು ಶುಕ್ರವಾರ ನಾನು ಕಾರಿಡೊಂಗ್ರಿಯಲ್ಲಿ ಕಳೆದೆ. ಆ ಊರು ನನಗೆ ಎಷ್ಟು ಹಿಡಿಸಿತೆಂದರೆ ಲಗೋರಿಗೆ ಕರೆಯಲು ಬಂದವರನ್ನು ಯಲ್ಲಾ, ಹೋಗಿ ಎಂದು ಓಡಿಸುತ್ತಿದ್ದೆ. ಮಾಮಿಯ ಅಪ್ಪ ಅಲ್ಲಿ ಸುರಂಗದ ಬಾಯಿಯ ಎದುರಿಗೇ ಇಡ್ಲಿಯ ಹೋಟೆಲ್ ಇಟ್ಟಿದ್ದರಂತೆ. ಬೋರ್ಡಿನಲ್ಲಿ ದುರ್ಗಾ ಹೋಟೆಲ್, ಊರವರ ಬಾಯಲ್ಲಿ ಮದ್ರಾಸಿ ಹೋಟೆಲ್. ಮಂಗಳೂರು ಮದ್ರಾಸಲ್ಲ ಎಂದು ಅವರು ಮೊದಲ ವರ್ಷ ಎಲ್ಲರಿಗೂ ವಿವರಿಸಿದರು, ಎರಡನೇ ವರ್ಷದಿಂದ ಕೈಬಿಟ್ಟರು. ಬೆಳಗಿನ ಮೊದಲ ತಟ್ಟೆಯ ಇಡ್ಲಿ ಬಿಳಿ, ಒಂಬತ್ತು ಗಂಟೆಯ ಹೊತ್ತಿಗೆ ಗಾಳಿಯಲ್ಲಿದ್ದ ಪುಡಿ ಕೂತು ಅದು ಬೂದು. ಗಿರಾಕಿಗಳು ದಕ್ಷಿಣದ ಇಡ್ಲಿಯ ಬಣ್ಣವೇ ಅದೆಂದು ತಿಳಿದಿದ್ದರಂತೆ. ಒಮ್ಮೆ ಬಿಳಿ ಇಡ್ಲಿ ಬಡಿಸಿದ್ದಕ್ಕೆ ಒಬ್ಬರು, ಹಿಟ್ಟಿನಲ್ಲಿ ಮೋಸ ಮಾಡಿದ್ದೀರಿ ಎಂದು ಜಗಳ ತೆಗೆದಿದ್ದರಂತೆ.

ಪಾಳಿ ಮುಗಿದು ಭೋಂಪು, ಅಂದರೆ ಗಣಿಯ ಸೈರನ್, ಕೂಗಿದರೆ ಸುರಂಗದಿಂದ ಜನ ಬರುವುದು ಸಾಲಾಗಿ, ಎಲ್ಲರೂ ಕಪ್ಪು, ಹಲ್ಲು ಮತ್ತು ಕಣ್ಣು ಮಾತ್ರ ಬಿಳಿ. ಹೆಂಡತಿಯರು ಗಂಡಂದಿರನ್ನು ನಡಿಗೆ ನೋಡಿ ಗುರುತು ಹಿಡಿಯಬೇಕು. ಒಮ್ಮೆ ಒಬ್ಬಾಕೆ ತಪ್ಪು ಗಂಡನನ್ನು ಮನೆಯವರೆಗೆ ಬೈಯುತ್ತ ಕರೆದುಕೊಂಡು ಹೋಗಿ, ಅವನು ಮುಖ ತೊಳೆದ ಮೇಲೆ ಕೂಗಿಕೊಂಡಳಂತೆ. ಅವನು ಬೈಗುಳ ತನ್ನ ಹೆಂಡತಿಯದ್ದೇ ಎಂದು ತಿಳಿದು ಸುಮ್ಮನೆ ನಡೆದಿದ್ದನಂತೆ! ಬಿಹಾರದವರು, ಒಡಿಶಾದವರು, ಆಂಧ್ರದವರು, ಬೆಟ್ಟದ ಕಾಡಿನವರು, ಎಲ್ಲ ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಿದ್ದರು. "ಸ್ನಾನ ಮಾಡುವವರೆಗೆ ಯಾರ ಜಾತಿಯೂ ಗೊತ್ತಾಗ್ತಿರಲಿಲ್ಲ" ಎಂದು ಮಾಮಿ ಹೇಳಿದ್ದು ನೆನಪಿದೆ.

ಕೊನೆಯ ಶುಕ್ರವಾರ ಊರು ಮುಗಿದ ಕಥೆ. ಬೆಟ್ಟದೊಳಗೆ ಅದಕ್ಕೆ ಬೆಂಕಿ ಹಿಡಿಯಿತು. ಎಷ್ಟು ನೀರು ಬಿಟ್ಟರೂ ಆರಲಿಲ್ಲ. ಕೊನೆಗೆ ಸುರಂಗಗಳಿಗೆಲ್ಲ ಗೋಡೆ ಕಟ್ಟಿ ಮುಚ್ಚಿದರು. ಒಳಗೆ ಉರಿಯುತ್ತಲೇ ಇತ್ತು. ಚಳಿಗಾಲದಲ್ಲಿ ನೆಲ ಬೆಚ್ಚಗಿರುತ್ತಿತ್ತು, ಊರಿನ ನಾಯಿಗಳೆಲ್ಲ ಬೆಟ್ಟದ ಮೇಲೆ ಹೋಗಿ ಮಲಗುತ್ತಿದ್ದವು. ಒಂದು ದಿನ ಹೋಟೆಲಿನ ನೆಲ ಬಿರಿದು ಇಡ್ಲಿ ಪಾತ್ರೆಯ ಪಕ್ಕದಿಂದಲೇ ಹೊಗೆ ಎದ್ದಿತು. ಮಾಮಿಯ ಅಪ್ಪ ಯಾರಿಗೂ ಹೇಳದೆ ಅದರ ಮೇಲೆ ಒಂದು ಚಪ್ಪಡಿ ಕಲ್ಲು ಎಳೆದು, ಕಲ್ಲಿನ ಮೇಲೆ ಸಕ್ಕರೆ ಡಬ್ಬ ಇಟ್ಟರು. ತಿಂಗಳೊಳಗೆ ಎಲ್ಲರಿಗೂ ಖಾಲಿ ಮಾಡಲು ನೋಟಿಸು ಬಂತು.

ಆಮೇಲೆ ನನ್ನನ್ನು ನಿಲ್ಲಿಸಿ ಪೂರ್ತಿ ಹೇಳಿಸಿದರು. ನಾನು "ಕಳ್ಳಿದ್ದಳು" ಎಂದೆ. 'ಅವಳು' ಎಂದದ್ದನ್ನು ಮಾಮಿ ಭಾಷಣದ ಅಲಂಕಾರವೆಂದು ತಿಳಿದಿರಬೇಕು. ಮಾಮಿ ತಲೆಯಾಡಿಸಿ, "ಎಷ್ಟು ಚೆಂದ ಹೇಲ್ತಿ ಮಗಾ" ಎಂದು ಕಣ್ಣು ಒರೆಸಿಕೊಂಡರು.

ಸ್ಪರ್ಧೆಯ ದಿನ ಸಂಜೆ ನಾಲ್ಕಕ್ಕೇ ಸಭಾಂಗಣ ತುಂಬಿತ್ತು. ಮಲ್ಲಿಗೆಯ ಸೆಂಟು, ಹಿಂದಿನ ಸಾಲಿನಲ್ಲಿ ಕರಕ್ ಚಾಯ್, ಓಡಾಡುವ ಮಕ್ಕಳು. ಜಲಜ ಮಾಮಿ ಮದುವೆಗೆ ಮಾತ್ರ ಉಡುತ್ತಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಆ ಕುರ್ಚಿ ಮುಖ್ಯ ಅತಿಥಿಗೆ ಇಟ್ಟದ್ದೆಂದು ಇಬ್ಬರು ಬಂದು ಹೇಳಿದರೂ ಏಳಲಿಲ್ಲ. ಆ ಬದಿಗೆ ವಾಸು ಮಾಮ, ಈ ಬದಿಗೆ ನನ್ನ ಅಪ್ಪ ಅಮ್ಮ. ಹಿಂದಿನ ಸಾಲಿನಲ್ಲಿ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದ ಪುತ್ತೂರಿನ ಅಜ್ಜಿಯೊಬ್ಬರು.

ಮೊದಲ ಆರು ಮಕ್ಕಳು ಆರು ಹಲಸಿನ ಹಣ್ಣು ಮುಗಿಸಿದರು. ಜನ ಆಕಳಿಸತೊಡಗಿದ್ದರು. ಏಳನೆಯವಳಾಗಿ ನಾನು ಹೋಗಿ ಮೈಕಿನ ಮುಂದೆ ನಿಂತೆ. ಅಮ್ಮನ ಶಾಲೆಯ ಗೌರವ ಉಳಿಸುವಂತೆ ಒಂದೊಂದು ಳಕಾರವನ್ನೂ ನಾಲಿಗೆ ಮಡಚಿ ಒತ್ತಿ ಹೇಳಿದೆ.

"ನನ್ನ ಊರು ಕಾರಿಡೊಂಗ್ರಿ. ಅದನ್ನು ನನಗೆ ಜಲಜ ಮಾಮಿ ಕೊಟ್ಟಿದ್ದಾರೆ. ಆ ಊರಿನ ಬೆಟ್ಟದ ಹೊಟ್ಟೆಯಲ್ಲಿ ಕಳ್ಳಿದ್ದಳು!"

ಆಕಳಿಕೆಗಳು ನಿಂತವು.

"ಅವಳು ಬೆಟ್ಟದಷ್ಟು ದೊಡ್ಡವಳಿದ್ದಳು. ಅವಳನ್ನು ಹಿಡಿಯಲು ರೈಲು ಬಂತು. ಸಾವಿರ ಜನ ಸುರಂಗಕ್ಕೆ ಇಳಿದು ಅವಳನ್ನು ಹೊಡೆದು ಹೊಡೆದು ಹೊರಗೆ ತಂದರು. ಆದರೂ ಅವಳು ಮುಗಿಯಲಿಲ್ಲ. ಊರಿನವರೆಲ್ಲ ಅವಳಿಂದಲೇ ಊಟ ಮಾಡಿದರು. ಜಲಜ ಮಾಮಿಯ ಅಪ್ಪ ಅವಳನ್ನು ನಂಬಿ ಹೋಟೆಲ್ ಇಟ್ಟರು. ಜಲಜ ಮಾಮಿ ಕೂಡ ಕದ್ದಿದ್ದಾರೆ!"

ಇಡೀ ಸಭಾಂಗಣ ಜಲಜ ಮಾಮಿಯ ಕಡೆ ತಿರುಗಿತು. ಮಾಮಿಗೆ ಇದು ಮೆಚ್ಚುಗೆಯೆಂದು ಕಂಡಿತು. ಹಸಿರು ಸೆರಗು ಸರಿಮಾಡಿಕೊಂಡು ನಾಲ್ಕೂ ದಿಕ್ಕಿಗೆ ಮುಗುಳ್ನಕ್ಕರು. ವಾಸು ಮಾಮ ಮಾತ್ರ ಕುರ್ಚಿಯಲ್ಲಿ ಇಂಚಿಂಚಾಗಿ ಕೆಳಗೆ ಜಾರುತ್ತಿದ್ದರು. ಅಮ್ಮ ಕೈಸನ್ನೆ ಮಾಡುತ್ತಿದ್ದರು. ಇನ್ನೂ ಜೋರಾಗಿ ಹೇಳು ಎನ್ನುತ್ತಿದ್ದಾರೆಂದು ತಿಳಿದು ನಾನು ದನಿ ಏರಿಸಿದೆ.

"ಕೊನೆಗೆ ಅವಳಿಗೆ ಬೆಂಕಿ ಹಿಡಿಯಿತು. ನೀರು ಹಾಕಿದರೂ ಆರಲಿಲ್ಲ. ಜನ ಗೋಡೆ ಕಟ್ಟಿ ಅವಳನ್ನು ಬೆಟ್ಟದ ಒಳಗೇ ಮುಚ್ಚಿದರು. ಅವಳು ಇವತ್ತಿಗೂ ಅಲ್ಲಿ ಉರಿಯುತ್ತಿದ್ದಾಳೆ. ನೆಲ ಬೆಚ್ಚಗಿದೆ. ನಾಯಿಗಳು ಹೋಗಿ ಮಲಗುತ್ತವೆ!"

ಅಲ್ಲಿ ಕೂತಿದ್ದವರು ಹೆಚ್ಚಿನವರು ತುಳುನಾಡಿನವರು. ಅನ್ಯಾಯವಾಗಿ ಸತ್ತ ಹೆಣ್ಣು ಬೆಟ್ಟದಲ್ಲಿ ನೆಲೆನಿಂತಳು ಎಂದರೆ ಅವಳು ದೈವವಾದಳೆಂದು ಅವರಿಗೆ ವಿವರಿಸಬೇಕಾಗಿಲ್ಲ. ಪುತ್ತೂರಿನ ಅಜ್ಜಿ ಚಪ್ಪಲಿ ಕಳಚಿಟ್ಟು ಕೈಮುಗಿದರು. ಅವರನ್ನು ನೋಡಿ ಪಕ್ಕದ ಇಬ್ಬರು ಹೆಂಗಸರೂ ಮುಗಿದರು. ಸದಾನಂದ ಅಂಕಲ್ ಗಂಟೆ ಹೊಡೆಯಲು ಎತ್ತಿದ ಕೈ ಹಾಗೇ ಹಿಡಿದು, ಮೆಲ್ಲಗೆ, "ಯಾವ ದೈವ ಅದು ಜಲಜಕ್ಕ, ನಾವು ಕೇಳಿಯೇ ಇಲ್ಲ" ಎಂದರು.

ಅಷ್ಟು ಹೊತ್ತಿಗೆ ಅಮ್ಮ ಮಾಮಿಯ ಕಿವಿಯಲ್ಲಿ ಹೇಳಿಬಿಟ್ಟಿದ್ದರು. ಮಾಮಿ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಅಯ್ಯೋ, ಕಲ್ಲಿ ಅಲ್ಲ! ನಾನು ಹೇಲಿದ್ದು ಕಲ್ಲಿ ಅಲ್ಲ, ಕಲ್ಲಿದ್ದಲು!"

"ಹೌದಲ್ಲ, ಮಗು ಅದನ್ನೇ ಹೇಳಿದ್ದು" ಎಂದರು ಅಂಕಲ್.

"ಮಗು ಹೇಲಿದ್ದು ಕಲ್ಲಿ! ಕಲ್ಲಿ ಬೇರೆ, ಕಲ್ಲಿ ಬೇರೆ!"

ಸಭೆ ಕಕ್ಕಾಬಿಕ್ಕಿಯಾಯಿತು. ಮಾಮಿ ಸುತ್ತ ನೋಡಿದರು, ಕೈ ಹಿಸುಕಿಕೊಂಡರು, ಕೊನೆಗೆ ಶುದ್ಧ ಕನ್ನಡವನ್ನು ಅಲ್ಲೇ ಕೈಬಿಟ್ಟು ಕೂಗಿದರು: "ಕೋಯ್ಲಾ! ಕೋಲು! ಫಹಮ್ ಮಾರಾಯ್ರೆ, ಫಹಮ್! ಅಲ್‌ಫಾಮ್ ಕೋಲಿ ಎಂತದರಲ್ಲಿ ಸುಡ್ತಾರೆ? ಅದು! ಅದರ ಅಜ್ಜ!"

ಇಂಗ್ಲಿಷಿನ ಕೋಲ್ ಅರ್ಧ ಜನರಿಗೆ ಬಡಿಯುವ ಕೋಲೆಂದು ಕೇಳಿಸಿತು, ಆದರೆ ಅರಬಿಯಲ್ಲಿ ಇದ್ದಿಲಿಗೆ ಹೇಳುವ ಫಹಮ್ ಮತ್ತು ಅಲ್‌ಫಾಮ್ ಎಲ್ಲರಿಗೂ ತಿಳಿಯಿತು. ಶುಕ್ರವಾರ ಶುಕ್ರವಾರ ಕೆಂಡದಲ್ಲಿ ಸುಟ್ಟ ಆ ಕೋಳಿಯನ್ನು ತಿನ್ನದವರು ಅಲ್ಲಿ ಯಾರಿದ್ದರು? ಎದ್ದ ನಗು ಅಲೆ ಅಲೆಯಾಗಿ ಹಿಂದಿನ ಸಾಲಿಗೆ ಹೋಗಿ ಮತ್ತೆ ಮುಂದಕ್ಕೆ ಬಂತು. ನನ್ನ ಅಪ್ಪ ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ನೋಟುಬುಕ್ ಮುಖಕ್ಕೆ ಹಿಡಿದು ಅಳಲು ಶುರುಮಾಡಿದೆ.

ಮಾಮಿ ನಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ವೇದಿಕೆ ಹತ್ತಿ ಬಂದು, ನನ್ನನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಮೈಕ್ ಎಳೆದುಕೊಂಡರು.

"ಮಗುವಿನದ್ದು ತಪ್ಪಿಲ್ಲ. ನನ್ನ ನಾಲಗೆಯದ್ದು ತಪ್ಪು. ಊರು ಮಾತ್ರ ಸುಲ್ಲಲ್ಲ" ಎಂದರು. ಆಮೇಲೆ ಶುರು ಮಾಡಿದರು. ಮೂರು ಭಾಷೆ ಕಲಸಿಕೊಂಡು, ಒಂದು ವಾಕ್ಯ ತುಳುವಿನಲ್ಲಿ ಹತ್ತಿ ಹಿಂದಿಯಲ್ಲಿ ಇಳಿಯುತ್ತ, ಬೂದು ಇಡ್ಲಿ, ಭೋಂಪು, ತಪ್ಪು ಗಂಡ, ಎಲ್ಲವನ್ನೂ ಹೇಳಿದರು. ಜನ ಈಗ ನಗುತ್ತಿದ್ದದ್ದು ಅವರು ನಗಿಸಿದ ಕಡೆ. ಗಂಟೆ ಬಿತ್ತು. "ಜಲಜಕ್ಕ, ಟೈಮ್ ಖಲಾಸ್" ಎಂದರು ಸದಾನಂದ ಅಂಕಲ್.

"ಇಡೀ ಊರಿಗೆ ಐದು ನಿಮಿಷ ಎಂತಕ್ಕೆ ಸಾಕಾಗ್ತದೆ? ಗಂಟೆ ಕೆಲಗೆ ಇಡಿ ನೀವು!"

ಅವರು ಇಟ್ಟರು. ಮಾಮಿ ಚಪ್ಪಡಿ ಕಲ್ಲಿನ ಕಥೆಗೆ ಬಂದರು. ಅಪ್ಪ ಅದರ ಮೇಲೆ ಸಕ್ಕರೆ ಡಬ್ಬ ಇಟ್ಟದ್ದನ್ನು ಹೇಳಿದರು. ನನಗೆ ಹೇಳದೇ ಇದ್ದದ್ದನ್ನೂ ಅಲ್ಲಿ ಹೇಳಿದರು: ಬೆಟ್ಟ ಇಳಿದು ಬಂದ ಮೇಲೆ ಅಪ್ಪ ತಮ್ಮನ ಮನೆಯ ಜಗಲಿಯಲ್ಲಿ ಒಂದು ವರ್ಷ ಕೂತಿದ್ದರು, ಭೋಂಪು ಯಾಕೆ ಇನ್ನೂ ಕೂಗಲಿಲ್ಲ ಎಂದು ದಿನಾ ಕೇಳುತ್ತಿದ್ದರು, ಕೇಳುತ್ತಲೇ ಹೋದರು. ಅಷ್ಟು ಹೇಳಿ ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡರು.

ಆಗ ಪುತ್ತೂರಿನ ಅಜ್ಜಿ ಎದ್ದು ನಿಂತರು. ಅವರಿಗೆ ಅಲ್‌ಫಾಮ್ ಗೊತ್ತಿರಲಿಲ್ಲ, ಕೋಯ್ಲಾ ಗೊತ್ತಿರಲಿಲ್ಲ. ಅವರು ಇನ್ನೂ ನನ್ನ ಕಳ್ಳಿಯ ಹತ್ತಿರವೇ ಇದ್ದರು.

"ಅಲ್ಲ ಮಗಳೇ, ಊರವರೆಲ್ಲ ಬಿಟ್ಟು ಬಂದ ಮೇಲೆ ಅವಳಿಗೆ ಈಗ ದೀಪ ಇಡುವವರು ಯಾರು?"

ಯಾರೋ ಕಿಸಕ್ಕನೆ ನಕ್ಕರು. ಮಾಮಿ ತಿದ್ದುತ್ತಾರೆಂದು ನಾನು ಕಾದೆ. ಅವರು ಅಜ್ಜಿಯ ಕಡೆ ತಿರುಗಿದರು.

"ಯಾರೂ ಇಲ್ಲ ಅಮ್ಮ," ಎಂದರು. "ಒಬ್ಬರೂ ಇಲ್ಲ."

ಮಾಮಿ ಮೈಕನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿ, ನನ್ನ ಕೈ ಹಿಡಿದು ವೇದಿಕೆ ಇಳಿದರು.

ಸೈಕಲ್ ಎಂಟನೇ ಹಲಸಿನ ಹಣ್ಣಿಗೆ ಹೋಯಿತು. ನನ್ನ ಭಾಷಣದಲ್ಲಿ ಹದಿನೈದು ನಿಮಿಷ ಮಾಮಿಯೇ ಮಾತಾಡಿದ್ದರಿಂದ ನನಗೆ ಸಮಾಧಾನಕರ ಬಹುಮಾನ ಕೊಡಲೂ ನಿಯಮ ಇರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ನಾನು ಮಾಮಿಯ ಜೊತೆ ಮಾತು ಬಿಟ್ಟಿದ್ದೆ. ಅವರು ನನ್ನ ಗಲ್ಲ ಹಿಡಿದು ತಿರುಗಿಸಿ, "ನಿನ್ನದೇ ಚೆಂದ ಇತ್ತು ಮಗಾ. ಕೋಯ್ಲಾ ಅಂದಿದ್ದರೆ ಆ ಅಜ್ಜಿ ಕೇಲ್ತಿದ್ದರಾ?" ಎಂದರು. ಆ ಮೇಲಿನ ಊಟಗಳಲ್ಲಿ ಎಲ್ಲರೂ ಅವರನ್ನು ಕಾರಿಡೊಂಗ್ರಿ ಜಲಜಕ್ಕ ಎಂದೇ ಕರೆದರು, ತುಂಟರು ಹಿಂದಿನಿಂದ ಕಳ್ಳಿ ಜಲಜಕ್ಕ ಎಂದರು. ಎರಡಕ್ಕೂ ಅವರು ಓಗೊಟ್ಟರು.

ಎರಡು ವರ್ಷದ ನಂತರ ವಾಸು ಮಾಮನ ಕೆಲಸ ಮುಗಿದು ಅವರು ಮಂಗಳೂರಿಗೆ ಹೋದರು. ಆ ವಿಲ್ಲಾ ಕೆಡವಿ ಅಲ್ಲಿ ಈಗ ಅಂಗಡಿಗಳ ಸಾಲು ಬಂದಿದೆ. ಐದು ಸಂಸಾರ ಐದು ಕಡೆ, ಕೂಟವೂ ಚದುರಿತು. ನಾನು ಈಗ ಅದೇ ಊರಿನ ಹೊರವಲಯದ ಅಲ್ ವುಕೈರಿನಲ್ಲಿದ್ದೇನೆ. ಪಕ್ಕದ ಫ್ಲಾಟಿನವರು ಯಾವ ದೇಶದವರೆಂದು ಗೊತ್ತಿಲ್ಲ. ಮಾಮಿ ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ಬಂದ ದಿನ ಅವರ ಮಗನಿಗೆ ಫೋನ್ ಮಾಡಿ, ಏನು ಹೇಳಬೇಕೆಂದು ತೋಚದೆ ಕಾರಿಡೊಂಗ್ರಿಯ ಮಾತು ತೆಗೆದೆ. "ಹೌದು, ಅಮ್ಮ ಯಾವುದೋ ಊರಿನ ಬಗ್ಗೆ ಹೇಳ್ತಿದ್ರು, ನನಗೆ ಸರಿಯಾಗಿ ನೆನಪಿಲ್ಲ" ಎಂದ.

ಹಳೆಯ ರೈಲು ದಾರಿಯ ಗೆರೆ ಹಿಡಿದು ಉಪಗ್ರಹದ ನಕ್ಷೆಯಲ್ಲಿ ಹುಡುಕಿ ನೋಡಿದ್ದೇನೆ. ಹೆಸರಿಲ್ಲ, ಬೆಟ್ಟ ಪೂರ್ತಿ ಮರ ಬೆಳೆದಿದೆ. ಸುರಂಗದ ಬಾಯಿ ಎಲ್ಲಿತ್ತು, ಅದರ ಎದುರಿನ ಹೋಟೆಲಿನ ನೆಲ ಯಾವ ಮೂಲೆಯಲ್ಲಿ ಬಿರಿಯಿತು, ಗಾಡಿ ಯಾವ ಏರಿನಲ್ಲಿ ನಿಧಾನವಾಗುತ್ತಿತ್ತು, ಎಲ್ಲವನ್ನೂ ನಾನು ಬಲ್ಲೆ. ಆ ಊರನ್ನು ಕನ್ನಡದಲ್ಲಿ ಹೇಳಬಲ್ಲವಳು ಈಗ ನಾನೊಬ್ಬಳೇ ಉಳಿದಿರಬೇಕು, ಮತ್ತು ನಾನು ಅದನ್ನು ಒಂದು ಸಲವೂ ನೋಡಿಲ್ಲ.